ಎಲ್ಲ ಹತ್ತಿರದಲ್ಲೇ

ಗಂಡಿನ ಮನೆ ನೋಡಲು ಹುಡುಗಿ ಹೋಗುವ ಪದ್ಧತಿಯಿಲ್ಲ. ಮೇದಿನಿ ಹಟ ಹಿಡಿದು ಅಪ್ಪನ ಜೊತೆ ಹೋಗಿದ್ದಳು.

"ಒಳ್ಳೇ ಬಡಾವಣೆ. ಪಾರ್ಕು ಪಕ್ಕದಲ್ಲೇ, ದೇವಸ್ಥಾನ ಎದುರಿಗೇ, ಮಾರ್ಕೆಟ್ಟು ಆ ತಿರುವಿನಲ್ಲಿ," ಎಂದರು ಗಂಡಿನ ತಾಯಿ.

"ದಿನಾ ಪಾರ್ಕಿಗೆ ಹೋಗ್ತೀರಾ ಅಕ್ಕ?" ಮೇದಿನಿ ಆ ಮನೆಯ ಹಿರಿಸೊಸೆಯನ್ನು ಕೇಳಿದಳು.

ಅವಳು ಅತ್ತೆಯ ಮುಖ ನೋಡಿದಳು. "ಕಿಟಕಿ ತೆಗೆದ್ರೆ ಗಾಳಿ ಚೆನ್ನಾಗಿ ಬರುತ್ತೆ."

ಅಪ್ಪನಿಗೆ ಮನೆ ಹಿಡಿಸಿತು. ಮೇದಿನಿಯನ್ನು ಒಂದು ಮಾತೂ ಕೇಳದೆ ತಾಂಬೂಲ ಬದಲಾಯಿಸಿಕೊಂಡರು.

ಹೊರಡುವಾಗ ಅವಳ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು.

"ನಿನ್ನದು ಕೊಡೇ. ಹೆಂಗಿದ್ರೂ ಇಲ್ಲಿಗೇ ಬರೋಳು, ಆಗ ತರ್ತಾಳೆ," ಅತ್ತೆ ಸೊಸೆಗೆ ಹೇಳಿದರು.

ಹಿರಿಸೊಸೆ ಒಳಗಿನಿಂದ ಚಪ್ಪಲಿ ತಂದಳು. "ನನ್ನ ಮದುವೇಲಿ ತಗೊಂಡಿದ್ದು. ಆರು ವರ್ಷದ ಹಳೇದು, ಪರವಾಗಿಲ್ವಾ?"

ಕೆಳಗಿಡುವಾಗ ಒಂದು ಮಗುಚಿ ಬಿತ್ತು. ಅದರ ಅಟ್ಟೆಗೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡೇ ಇತ್ತು.