ಇಳಿದು ನೋಡದ ನೀರು

ದೋಣಿಯಲ್ಲಿ ಅಣ್ಣ ಕೈಮುಗಿದಾಗ ತಮ್ಮ ತಲೆ ತಗ್ಗಿಸಿದ. ಜನರನ್ನು ನೀರಿನಡಿ ಕರೆದೊಯ್ದು ಹವಳದ ದಿಬ್ಬ ತೋರಿಸುವುದು ಅವನ ಕಸುಬು. ಈಗಷ್ಟೇ, ಸೆಳವಿಗೆ ಸಿಕ್ಕಿ ತರಗೆಲೆಯಂತೆ ಕೊಚ್ಚಿಹೋಗುತ್ತಿದ್ದ ಅತ್ತಿಗೆಯನ್ನು ಬೆನ್ನಟ್ಟಿ ಹಿಡಿದು ಮೇಲೆ ತಂದಿದ್ದ.

"ನಿಮ್ಮ ತಮ್ಮ ಇಲ್ದಿದ್ರೆ ಇಷ್ಟೊತ್ತಿಗೆ ನಾನು ಮೀನುಗಳ ಪಾಲು!" ಅತ್ತಿಗೆ ಗಂಡನಿಗೆ ಹೇಳುತ್ತ ನಗಲು ಹೋಗಿ ಕೆಮ್ಮಿದಳು.

ತಮ್ಮನಿಗೆ ತಡೆಯಲಾಗಲಿಲ್ಲ. "ಕೈ ಇಳಿಸಣ್ಣ. ಯಾರನ್ನೇ ಇಳಿಸೋ ಮೊದಲು ನಾನೊಬ್ನೇ ಮುಳುಗಿ ಸೆಳವು ನೋಡ್ಬೇಕು. ಇವತ್ತು ಎರಡೆರಡು ಸಲ ಒದ್ದೆಯಾಗೋಕೆ ಬೇಜಾರಾಗಿ, ದೋಣಿಯಿಂದಲೇ ಇಣುಕಿ 'ಎಲ್ಲ ಸರಿಯಿದೆ, ಬನ್ನಿ' ಅಂದ್ಬಿಟ್ಟೆ."

ಅಣ್ಣ ಮುಗಿದ ಕೈ ಇಳಿಸಿದ. ಟವೆಲ್ ಹೊದ್ದು ನಡುಗುತ್ತಿದ್ದ ಅತ್ತಿಗೆ ಮೆಲ್ಲಗೆ ಅಂದಳು:

"ನಂಗೆ ನೀರಂದ್ರೇ ಭಯ ಕಣೋ. ನೀನು ನೋಡಿರ್ತೀಯಲ್ಲ ಅಂತ ಇಳಿದೆ."