ಚಕ್ರವಿಲ್ಲದ ವಿಮಾನ

“ಅಲ್ಲಾನಾಣೆ ಸಾರ್, ಒಂದಕ್ಷರ ಸುಳ್ಳಿದ್ರೆ ಕೇಳಿ,” ಎಂದ ತಾಜ್ ಪಾಷಾ.

ಗುಲ್ಜಾರ್ ಬೀಗೆ ಅಲ್ಲೇ ಮೈ ಉರಿಯಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡ ಹೀಗೆ ಶುರುಮಾಡಿದ ಯಾವ ಮಾತೂ ನಿಜವಾಗಿರಲಿಲ್ಲ. ಕಣ್ವ ಜಲಾಶಯದಲ್ಲಿ ಎಮ್ಮೆಗಾತ್ರದ ಮೀನು ಹಿಡಿದದ್ದು, ಅವನಜ್ಜ ಒಂದೇ ಕೈಯಲ್ಲಿ ಅರಮನೆಯ ತೊಟ್ಟಿಲು ಕಡೆದದ್ದು, ಇವೆಲ್ಲ ಚನ್ನಪಟ್ಟಣದ ಟೀ ಅಂಗಡಿಗಳಲ್ಲಿ ಬನ್ನಿನ ಜೊತೆ ಪುಕ್ಕಟೆ ಸಿಗುತ್ತಿದ್ದವು. ಬಿಡದಿಯ ಆಟಿಕೆ ಕಂಪನಿಯ ಲೋಕೇಶ್ ಕೂಡ ಆರ್ಡರ್ ಕೊಡುವ ಮುನ್ನ ಅಲ್ಲೇ ಕೂತು, ಎಲ್ಲ ಕೇಳಿ, ಹೊಟ್ಟೆ ತುಂಬ ನಕ್ಕು ಬಂದಿದ್ದ.

ಈಗ ನಗುತ್ತಿರಲಿಲ್ಲ. ಅವನ ಮುಂದೆ ಅರವತ್ತು ಮರದ ವಿಮಾನಗಳಿದ್ದವು. ಒಂದರ ಮೇಲೊಂದು ರೆಕ್ಕೆ. ಹೊಟ್ಟೆಯಡಿ ನೀಲಿ ಅರಗು ಬಳಿದ ಜೋಡಿ ದೋಣಿ.

“ಚಕ್ರ ಎಲ್ಲಿ ಸಾಬ್ರೇ?”

“ನೀವೇ ಪಟ ತೋರ್ಸಿದ್ರಲ್ಲ ಸಾರ್. ಹಳೇ ಕಾಲದ ನೇವಿ ವಿಮಾನ, ಹುಡುಗ್ರಿಗೆ ಟ್ರೈನಿಂಗ್ ಕೊಡಾಕೆ. ನೀರ್ ಮ್ಯಾಲೇ ಇಳೀತಿತ್ತು, ಅಲ್ಲಿಂದ್ಲೇ ಏಳ್ತಿತ್ತು.”

“ಯಾವ ಪಟ? ಐತಾ ನಿಮ್ಮತ್ರ?”

“ನೀವೇ ವಾಪಸ್ ತಗಂಡ್ ಹೋದ್ರಿ. ಮೊದ್ಲು ಮಾಡಿದ್ ವಿಮಾನಾನೂ ಸ್ಯಾಂಪಲ್ ಅಂತ ತಗಂಡ್ರಿ. ಎರಡು ತಿಂಗಳಾಯ್ತು.”

ಆಗ ಗುಲ್ಜಾರ್ ಬೀ ತಂಗಿಯ ಬಾಣಂತನಕ್ಕೆಂದು ಮಾಗಡಿಯಲ್ಲಿದ್ದಳು. ಲೋಕೇಶ್ ಅವಳ ಕಡೆ ತಿರುಗಿದ.

“ಕೇಳುದ್ರಾ ಅಮ್ಮ? ವಿಮಾನ ಈಜ್ತಿತ್ತಂತೆ. ಸೋಮಾರಿತನಕ್ಕೆ ಒಂದು ಕತೆ ಬೇರೆ. ಈ ಮಾಲು ನಾನು ತಗಳಲ್ಲ.”

ಜೀಪು ಹೊರಟಿತು. ಚೀನಾ ಗೊಂಬೆ ಬಂದ ಮೇಲೆ ಪಕ್ಕದ ಬೀದಿಯಲ್ಲಿ ಗೊಂಬೆ ಕಡೆಯುತ್ತಿದ್ದ ನಾಲ್ಕು ಲೇತು ಗುಜರಿಗೆ ಹೋಗಿದ್ದವು. ಈ ಆರ್ಡರ್ ತಪ್ಪಿದರೆ ಐದನೆಯದು ತಮ್ಮದೇ.

“ನಿಮ್ ನಾಲಗೆ ಸೇದೋಗ. ನಾಕು ಚಕ್ರ ಕಡ್ಯಕ್ಕೆ ಏನ್ ರೋಗ ಬಂದಿತ್ತು?”

“ದೋಣೀಗಿಂತ ಚಕ್ರ ಸಲೀಸು ಕಣೇ. ಸೋಮಾರಿ ಆಗಿದ್ರೆ ಚಕ್ರಾನೇ ಕಡೀತಿದ್ದೆ.”

“ಬಾಯ್ ಮುಚ್ಚಿ.”

ಅವನು ಮುಚ್ಚಿದ. ಮೂರು ದಿನ ಜಗುಲಿಯ ಮೇಲೆ ಕೂತವನು ಒಂದು ಕತೆಯನ್ನೂ ಹೇಳಲಿಲ್ಲ. ಒಳಗೆ ಗುಲ್ಜಾರ್ ಬೀ ಹಲ್ಲು ಕಚ್ಚಿಕೊಂಡು ಒಂದೊಂದೇ ದೋಣಿ ಕಿತ್ತಳು, ತಾನೇ ಲೇತಿಗೆ ಕೂತು ಚಕ್ರ ಕಡೆದು ಜೋಡಿಸಿದಳು. ಕಿತ್ತ ದೋಣಿಗಳನ್ನು ಒಲೆಗೆ ಹಾಕಿ ಅನ್ನ ಬೇಯಿಸಿದಳು. ನಾಲ್ಕನೆಯ ದಿನ ಮೂಟೆ ಕಟ್ಟಿ ಬಿಡದಿಯ ಬಸ್ಸು ಹತ್ತಿದಳು.

ಕಂಪನಿಯ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದ ದಿವ್ಯ ಎಂಬ ಹುಡುಗಿ ಒಳ್ಳೆಯವಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಗಾಜಿನ ಬೀರುವಿನೊಳಗಿನ ವಿಮಾನದ ಮುಂದೆ ಗುಲ್ಜಾರ್ ಬೀ ಕಲ್ಲಿನಂತೆ ನಿಂತದ್ದನ್ನು ಕಂಡು ಎದ್ದು ಹತ್ತಿರ ಬಂದಳು.

“ಚೆನ್ನಾಗೈತಲ್ವಾ ಆಂಟಿ? ಪ್ಲಾಸ್ಟಿಕ್ಕು, ಚೀನಾದಲ್ಲಿ ಅಚ್ಚು ಹಾಕ್ಸಿದ್ದು. ನಮ್ ಲೋಕೇಶ್ ಸಾರ್ ಐಡಿಯಾ. ಹಿಂದೆ ನೇವೀಲಿ ಹುಡುಗ್ರಿಗೆ ಇಂಥದ್ರಲ್ಲೇ ಕಲಿಸ್ತಿದ್ರಂತೆ. ನೀರ್ ಮೇಲೇ ಇಳೀತಿತ್ತಂತೆ, ಅದಕ್ಕೇ ಕೆಳಗಡೆ ಎರಡು ದೋಣಿ...”

ಗುಲ್ಜಾರ್ ಬೀ ಪೂರ್ತಿ ಕೇಳಲು ನಿಲ್ಲಲಿಲ್ಲ. ಲೋಕೇಶನ ಕೋಣೆ ಎಡಗಡೆಗಿತ್ತು.