ಕೋವಿಯ ಬಿರುಕಿನ ಕೆಂಪು

ಜಯನಗರದ ಪ್ರದರ್ಶನವೊಂದರಲ್ಲಿ ಮೊನ್ನೆ ನಮ್ಮ ಮನೆಯ ಕೋವಿಯನ್ನು ಗಾಜಿನೊಳಗೆ ನೋಡಿ, ಕೆಳಗಿದ್ದ ಚೀಟಿ ಓದಿ ಮೈಯೆಲ್ಲ ಉರಿದುಹೋಯಿತು.

ನನ್ನ ಬಾಲ್ಯದಲ್ಲಿ ಬೇಗೂರಿನ ಮನೆಯ ನಡುಮನೆ ಗೋಡೆಯಲ್ಲಿ ಅದು ತೂಗುತ್ತಿತ್ತು. ಆಯುಧಪೂಜೆಗೆ ಅಜ್ಜಿ ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಕುಂಕುಮ ಇಡುವುದು ನನ್ನ ಕೆಲಸ. ಮರದ ಹಿಡಿಯ ಬಿರುಕಿಗೆ ಇಳಿದ ಕುಂಕುಮ ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಳೆಯ ಬಂದೂಕು ಸಂಗ್ರಹಿಸುವವರೊಬ್ಬರು ಬಂದರು. ಭೂತಗನ್ನಡಿ ಹಿಡಿದು, ಕಬ್ಬಿಣದ ಮೇಲೆ ಸವೆದಿದ್ದ ಅಕ್ಷರ, ಅಂಕಿಗಳನ್ನು ಬರೆದುಕೊಂಡರು.

"ಇದರ ಮೂಲ ಹುಡುಕ್ಬೇಕಮ್ಮ."

"ಹುಡುಕೋದ್ಯಾಕೆ ಸಾರ್? ನಮ್ಮ ಮಾವನವ್ರು ದಂಡಲ್ಲಿ ಸಿಪಾಯಿ ಆಗಿದ್ರು. ಅವ್ರಿಗೆ ಇದನ್ನ..." ಅಜ್ಜಿ ಹೇಳತೊಡಗಿದರು.

"ಕಥೆ ಎಲ್ಲ ಬೇಡಮ್ಮ. ನಂಬರ್ ಸಾಕು."

ಅಜ್ಜಿ ಅವರಿಗೇ ಕಾಫಿ ತರಲು ಒಳಗೆ ಹೋದರು. "ಲೈಸೆನ್ಸ್‌ಗೆ ಅಲೆದು ಸಾಕಾಗಿದೆ, ತಗೊಂಡ್ಹೋಗಿ," ಎಂದರು ತಾತ. ನಮ್ಮದೇ ದುಪ್ಪಟಿಯಲ್ಲಿ ಸುತ್ತಿಕೊಂಡು ಬಂದವರು ಕೋವಿಯನ್ನು ಒಯ್ದರು. ಅಜ್ಜಿಯ ಮಾತಿನ ಉಳಿದರ್ಧವನ್ನು ಆಮೇಲೆ ಯಾರೂ ಕೇಳಲಿಲ್ಲ, ನಾನೂ ಕೂಡ.

ಚೀಟಿಯಲ್ಲಿ ಹೀಗಿತ್ತು: "ಮೂಲ ತಿಳಿದಿಲ್ಲ. ಹಿಡಿಯ ಬಿರುಕಿನಲ್ಲಿರುವ ಕೆಂಪು, ಬಹುಶಃ ರಣರಂಗದ ರಕ್ತ."